ಸತ್ತ್ವವೂ ಸಂಪುಟವೂ



ದಾಸೋಹದ ಪಂಕ್ತಿಯಲ್ಲಿ ಎಲೆ ಹಾಸಿದ ಕೂಡಲೆ ಮೊದಲು ಬೀಳುವದು ಉಪ್ಪು. ಅದು ಎಲೆಯ ತುದಿಗೆ ಒಂದು ಚಿಟಿಕೆಯಷ್ಟೇ ಇದ್ದರೂ ಬಡವನ ಎಲೆಗೂ ಬಲ್ಲಿದನ ಎಲೆಗೂ ಸಮಾನವಾದದ್ದು. ಹಾಲು, ಹಣ್ಣು, ತುಪ್ಪಗಳು ಹಬ್ಬಕ್ಕೊಮ್ಮೆ ಮಾತ್ರ ಕಾಣುವ ಮನೆಯಲ್ಲಿಯೂ ಉಪ್ಪು ನಿತ್ಯವೂ ಇದ್ದೇ ಇರುವದು. ಆದಕಾರಣ ಜನರ ಆಹಾರದಲ್ಲಿ ಕೊರತೆಯಾದ ಸತ್ತ್ವವನ್ನು ಎಲ್ಲರಿಗೂ ಮುಟ್ಟಿಸಬೇಕಾದರೆ ಉಪ್ಪಿಗಿಂತ ತಕ್ಕ ವಾಹನವು ಬೇರೊಂದಿಲ್ಲವೆಂದು ಆಹಾರಶಾಸ್ತ್ರಜ್ಞರು ಬಗೆದರು. ಗಳಗಂಡವನ್ನು ತಡೆಯುವ ಅಯೋಡಿನ್ ಎಂಬ ದ್ರವ್ಯವು ಈ ರೀತಿಯಾಗಿಯೇ ಮನೆಮನೆಗೆ ಮುಟ್ಟಿತು. ಅದರೊಡನೆ ರಕ್ತಕ್ಕೆ ಬೇಕಾದ ಕಬ್ಬಿಣವನ್ನೂ ಸೇರಿಸಲು ಹೋದಾಗ ದೊಡ್ಡದೊಂದು ತೊಡಕು ಒದಗಿತು. ಆ ತೊಡಕನ್ನು ಬಿಡಿಸುವ ಉಪಾಯಗಳಲ್ಲಿ ಒಂದಕ್ಕೆ ಪಾಶ್ಚಾತ್ಯ ಶಾಸ್ತ್ರಜ್ಞರು ‘ಮೈಕ್ರೋಎನ್‌ಕ್ಯಾಪ್ಸುಲೇಶನ್’ ಎಂದು ಹೆಸರಿಟ್ಟಿರುವರು. ಕನ್ನಡದಲ್ಲಿ ಇದನ್ನು ‘ಸೂಕ್ಷ್ಮ ಸಂಪುಟೀಕರಣ’ವೆನ್ನಬಹುದು. ಇದೇ ಈ ಉಪನ್ಯಾಸದ ವಿಷಯವು.

ಸಂಪುಟವೆಂದರೇನು? ಈ ಪ್ರಶ್ನೆಗೆ ಉತ್ತರವು ತಾಯಂದಿರಿಗೆ ಅಡಿಗೆಮನೆಯಲ್ಲಿಯೇ ಸಿಕ್ಕುವದು. ಕಡಬಿನಲ್ಲಿ ಹೂರಣವು ಒಳಗೆ, ಕಣಕವು ಹೊರಗೆ. ಹೂರಣವನ್ನು ಬರಿದೇ ಕುದಿಯುವ ನೀರಿಗೆ ಹಾಕಿದರೆ ಅದು ಕರಗಿಹೋಗುವದು; ಕಣಕದ ಹೊದಿಕೆಯಲ್ಲಿದ್ದರೆ ಬೆಂದರೂ ಅದರ ಸವಿಯು ಬಾಯಿಗೆ ಬರುವವರೆಗೆ ಒಳಗೇ ಉಳಿಯುವದು. ಎಳ್ಳುಂಡೆಯ ರೀತಿಯು ಬೇರೆ. ಅಲ್ಲಿ ಬೆಲ್ಲದ ಪಾಕದ ತುಂಬೆಲ್ಲ ಎಳ್ಳು ಹರಡಿಕೊಂಡಿರುವದು. ಸೂಕ್ಷ್ಮ ಸಂಪುಟಗಳಲ್ಲಿಯೂ ಈ ಎರಡು ಜಾತಿಗಳುಂಟು: ಒಂದು ಹೂರಣವನ್ನು ಸುತ್ತುವರಿದದ್ದು, ಇನ್ನೊಂದು ಸತ್ತ್ವವನ್ನು ತನ್ನ ಮೈತುಂಬ ಹರಡಿಕೊಂಡದ್ದು. ಭೇದವಿರುವದು ಪರಿಮಾಣದಲ್ಲಿ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಈ ಸಂಪುಟಗಳು ಕೆಲವು ಮೈಕ್ರಾನಿನಿಂದ ಸಾವಿರ ಮೈಕ್ರಾನಿನವರೆಗೆ ಇರುವವು. ಚಿಕ್ಕವನ್ನು ಕಣ್ಣು ಕಾಣದು. ದೊಡ್ಡವು ಉಪ್ಪಿನ ಹರಳಿನಷ್ಟಾಗುವವು.

ಹೂರಣವಾಗಿ ಇಡತಕ್ಕ ದ್ರವ್ಯಗಳಾದರೂ ಯಾವವು? ಕಬ್ಬಿಣ, ಜೀವಸತ್ತ್ವಗಳು, ಬೇಗನೆ ಕಮಟಾಗುವ ಉತ್ತಮ ಎಣ್ಣೆಗಳು, ಅರಿಸಿನ ಮೊದಲಾದ ಸಸ್ಯಗಳ ಸಾರಗಳು, ಕರುಳಿಗೆ ಹಿತವನ್ನುಂಟುಮಾಡುವ ಸಜೀವ ಸೂಕ್ಷ್ಮಾಣುಗಳು. ಇವೆಲ್ಲ ಅಲ್ಪ ಪ್ರಮಾಣದಲ್ಲಿಯೇ ದೇಹಕ್ಕೆ ಕಾರ್ಯಮಾಡತಕ್ಕವು. ಆದರೆ ಗಾಳಿ, ಬೆಳಕು, ತೇವ, ಉಷ್ಣ, ಹುಳಿ ಇವುಗಳಲ್ಲಿ ಒಂದಿಲ್ಲೊಂದಕ್ಕೆ ಸೋತುಹೋಗುವಂಥವು. ಅದಕ್ಕೋಸ್ಕರ ಕವಚವು ಬೇಕಾಯಿತು.

ಆದರೆ ಕವಚವು ಗಟ್ಟಿಯಾಗಿದ್ದರೆ ಸಾಕೆಂದು ತಿಳಿಯುವದು ಅರ್ಧಜ್ಞಾನವು. ಹಕ್ಕಿಯು ಆಲದ ಹಣ್ಣನ್ನು ತಿಂದಾಗ ಅದರ ಬೀಜವು ಜಠರಾಗ್ನಿಗೆ ಸಿಕ್ಕಿಯೂ ಸಾಯದೆ ಹೊರಬಿದ್ದು, ಹಳೆಯ ಗೋಡೆಯ ಸಂದಿನಲ್ಲಿ ಮೊಳೆಯುವದನ್ನು ಎಲ್ಲರೂ ಕಂಡಿರುವರು. ಮರಕ್ಕೆ ಇದು ಲಾಭವು; ಹಕ್ಕಿಗೆ ಆ ಬೀಜದಿಂದ ದೊರೆತದ್ದು ಏನೂ ಇಲ್ಲ. ಅಗಸಿಯ ಕಾಳಿನ ನ್ಯಾಯವೂ ಇದೇ. ಇಡಿಯ ಅಗಸಿಯನ್ನು ಅಗಿಯದೆ ನುಂಗಿದರೆ ಬಹುಪಾಲು ಕಾಳುಗಳು ನುಂಗಿದಂತೆಯೇ ಹೊರಟುಹೋಗುವವು. ಕುಟ್ಟಿ ಹಿಂಡಿ ಮಾಡಿದರೆ ಅದರ ಎಣ್ಣೆಯು ಮೈಗೆ ಹತ್ತುವದು. ಆದರೆ ಕುಟ್ಟಿದ್ದನ್ನು ಬಹುದಿನವಿಟ್ಟರೆ ಗಾಳಿಗೆ ಕಮಟಾಗುವದು. ಸಿಪ್ಪೆಯು ಒಡೆಯದಿದ್ದರೆ ಸತ್ತ್ವವು ಸಿಕ್ಕದು, ಮುಂಚೆಯೇ ಒಡೆದರೆ ಸತ್ತ್ವವು ಉಳಿಯದು. ಆದುದರಿಂದ ಈ ಶಾಸ್ತ್ರದ ಮುಖ್ಯ ಪ್ರಶ್ನೆಯು ‘ಕಾಯುವದು ಹೇಗೆ’ ಎಂಬುದಷ್ಟೇ ಅಲ್ಲ, ‘ಎಲ್ಲಿ ಬಿಟ್ಟುಕೊಡುವದು’ ಎಂಬುದೂ ಆಗಿರುವದು.

ಈ ಪ್ರಶ್ನೆಯನ್ನು ತಿಳಿಯುವದಕ್ಕೆ ಅನ್ನವು ನಡೆಯುವ ದಾರಿಯನ್ನು ನೋಡಬೇಕು. ಆಯುರ್ವೇದವು ಆಮಾಶಯ, ಪಚ್ಯಮಾನಾಶಯ, ಪಕ್ವಾಶಯಗಳೆಂದು ಮೂರು ಸ್ಥಾನಗಳನ್ನು ಹೇಳಿರುವದು. ಇಂದಿನ ಶರೀರಶಾಸ್ತ್ರವು ಹೊಟ್ಟೆ, ಸಣ್ಣ ಕರುಳು, ದೊಡ್ಡ ಕರುಳುಗಳೆಂದು ಅಳತೆಗಳೊಡನೆ ವಿವರಿಸುವದು. ಹುಳಿಯನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ ಶುದ್ಧ ನೀರಿಗೆ 7 ಅಂಕ. ಅಂಕವು ಇಳಿದಂತೆ ಹುಳಿಯು ಏರುವದು. ಹಸಿದ ಹೊಟ್ಟೆಯಲ್ಲಿ ಇದು ಸುಮಾರು 1.5ರಿಂದ 3ರವರೆಗಿರುವದು, ಅಂದರೆ ನಿಂಬೆಯ ರಸಕ್ಕೆ ಸಮನಾದ ಹುಳಿ. ಅಲ್ಲಿ ಅನ್ನವು ಕೆಲವು ತಾಸು ಕಡೆಯಲ್ಪಟ್ಟು ಸಣ್ಣ ಕರುಳಿಗೆ ಇಳಿಯುವದು. ಸುಮಾರು 6 ಮೀಟರು ಉದ್ದವಾದ ಆ ದಾರಿಯಲ್ಲಿ ಹುಳಿಯು ಅಡಗಿ ಅಂಕವು 6ರಿಂದ 7ರ ಮೇಲಕ್ಕೆ ಏರುವದು. ಪಿತ್ತರಸವು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುವದು. ಪಾಚಕರಸಗಳು ಪಿಷ್ಟವನ್ನೂ ಕೊಬ್ಬನ್ನೂ ಸಸಾರಜನಕವನ್ನೂ ಬಿಡಿಸುವವು. ಅಲ್ಲಿ ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಿಗೆ ಬಂದು, ಒಂದು ದಿನವೋ ಅದಕ್ಕೂ ಹೆಚ್ಚೋ ನಿಂತು, ಅಸಂಖ್ಯ ಸೂಕ್ಷ್ಮಾಣುಗಳಿಗೆ ಆಹಾರವಾಗುವದು.

ಒಂದೊಂದು ಸ್ಥಾನಕ್ಕೂ ಒಂದೊಂದು ಕೀಲಿಕೈ ಇರುವದೆಂದು ಇದರಿಂದ ತಿಳಿಯಿತು. ಹೊಟ್ಟೆಯ ಕೀಲಿಯು ಹುಳಿ. ಸಣ್ಣ ಕರುಳಿನ ಕೀಲಿಯು ಪಿತ್ತ ಮತ್ತು ಪಾಚಕರಸ. ದೊಡ್ಡ ಕರುಳಿನ ಕೀಲಿಯು ಅಲ್ಲಿಯ ಸೂಕ್ಷ್ಮಾಣುಗಳು. ಯಾವ ಸತ್ತ್ವವು ಎಲ್ಲಿ ಬೇಕೋ ಅಲ್ಲಿಯ ಕೀಲಿಗೆ ತೆರೆಯುವ ಬೀಗವನ್ನು ಹಾಕುವದೇ ಸಂಪುಟಕಾರನ ವಿದ್ಯೆಯು. ಮೊಸರಿನ ಜಾತಿಯ ಹಿತಕರ ಸೂಕ್ಷ್ಮಾಣುಗಳು ಹೊಟ್ಟೆಯ ಹುಳಿಯನ್ನು ದಾಟಿ ಜೀವಂತವಾಗಿ ಕರುಳನ್ನು ಸೇರಬೇಕು. ಅವುಗಳಿಗೆ ಹುಳಿಯಲ್ಲಿ ಬಿಗಿದುಕೊಂಡು, ಹುಳಿ ಅಡಗಿದ ಮೇಲೆ ಸಡಲುವ ಕಡಲಕಳೆಯ ಅಂಟಿನ ಕವಚವು ಯುಕ್ತವು. ಎಣ್ಣೆಗಳು ಗಾಳಿಯಿಂದ ಪಾರಾಗಿ ಸಣ್ಣ ಕರುಳಿನಲ್ಲಿ ಬಿಡುಗಡೆಯಾದರೆ ಸಾಕು. ಕಹಿಯಾದ ದ್ರವ್ಯವು ನಾಲಿಗೆಯನ್ನು ದಾಟಿದರೆ ಸಾಕು. ಕಬ್ಬಿಣದ ಮಾತು ಬೇರೆ. ಅದನ್ನು ದೇಹವು ಹೀರಿಕೊಳ್ಳುವದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಗೇಣುಗಳಲ್ಲಿ. ಆ ಬಾಗಿಲು ದಾಟಿತೆಂದರೆ ಉಳಿದ ದಾರಿಯು ಎಷ್ಟು ಉದ್ದವಿದ್ದರೂ ಹೆಚ್ಚಿನ ಪ್ರಯೋಜನವಿಲ್ಲ. ಹುಳಿಯಲ್ಲಿ ಕರಗದೆ ಕರುಳಿನಲ್ಲಿ ಮಾತ್ರ ತೆರೆಯುವ ಲೇಪವನ್ನು ಕಬ್ಬಿಣದ ಮಾತ್ರೆಗಳಿಗೆ ಕೊಟ್ಟಾಗ ಹೊಟ್ಟೆಯ ಉರಿಯು ಕಡಮೆಯಾದರೂ ಮೈಗೆ ಹತ್ತುವ ಕಬ್ಬಿಣವೂ ಕಡಮೆಯಾಗುವದೆಂದು ವೈದ್ಯರು ಬಲ್ಲರು. ಒಂದಕ್ಕೆ ರಕ್ಷೆಯಾದ ಕವಚವು ಇನ್ನೊಂದಕ್ಕೆ ಸೆರೆಮನೆಯಾಗುವ ಪರಿಯಿದು.

ಈ ವಿದ್ಯೆಯು ಬೆಳೆದು ಬಂದ ಬಗೆಯು ಸ್ವಾರಸ್ಯವಾದದ್ದು. 1884ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ವೈದ್ಯ ಪಾಲ್ ಊನ ಎಂಬಾತನು ಕೊಂಬು ಗೊರಸುಗಳಲ್ಲಿರುವ ಕೆರಾಟಿನ್ ಎಂಬ ದ್ರವ್ಯದಿಂದ ಗುಳಿಗೆಗಳಿಗೆ ಲೇಪವನ್ನು ಕೊಟ್ಟು, ಅವು ಹೊಟ್ಟೆಯನ್ನು ದಾಟಿ ಕರುಳಿನಲ್ಲಿ ಕರಗುವಂತೆ ಮಾಡಲು ಯತ್ನಿಸಿದನು. ಅದಕ್ಕೆ ಮುಂಚೆ 1872ರಲ್ಲಿ ಅಮೇರಿಕೆಯ ಸ್ಯಾಮ್ಯುಯೆಲ್ ಪರ್ಸಿ ಎಂಬಾತನು ದ್ರವಗಳನ್ನು ತುಂತುರು ಮಾಡಿ ಒಣಗಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. 1929ರಲ್ಲಿ ಹಾಲೆಂಡಿನ ಪಂಡಿತರಾದ ಬುಂಗೆನ್‌ಬರ್ಗ್ ಡ ಯಾಂಗ್ ಮತ್ತು ಕ್ರಾಯ್ಟ್ ಇವರು, ನೀರಿನಲ್ಲಿ ಕರಗಿದ ಅಂಟುದ್ರವ್ಯಗಳು ಕೆಲವು ಸ್ಥಿತಿಗಳಲ್ಲಿ ನೀರನ್ನು ಬಿಟ್ಟು ಪ್ರತ್ಯೇಕ ಹನಿಗಳಾಗಿ ಕೂಡಿಕೊಳ್ಳುವವೆಂಬುದನ್ನು ವಿವರಿಸಿದರು. ಈ ತತ್ತ್ವವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದವರು ವೈದ್ಯರಲ್ಲ, ಅಡಿಗೆಯವರೂ ಅಲ್ಲ. ಅಮೇರಿಕೆಯ ಡೇಟನ್ ಪಟ್ಟಣದ ಲೆಕ್ಕದ ಯಂತ್ರಗಳ ಕಂಪನಿಯವರು! ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಬ್ಯಾರೆಟ್ ಗ್ರೀನ್ ಮತ್ತು ಆತನ ಸಂಗಡಿಗನು ಬಣ್ಣದ ಎಣ್ಣೆಯನ್ನು ಸೂಕ್ಷ್ಮ ಸಂಪುಟಗಳಲ್ಲಿಟ್ಟು ಕಾಗದದ ಬೆನ್ನಿಗೆ ಬಳಿದರು. ಮೇಲೆ ಬರೆದಾಗ ಲೇಖನಿಯ ಒತ್ತಿಗೆ ಸಂಪುಟಗಳೊಡೆದು ಕೆಳಗಿನ ಹಾಳೆಯ ಮೇಲೆ ಅಕ್ಷರಗಳು ಮೂಡಿದವು. ಮಸಿಹಾಳೆಯಿಲ್ಲದೆ ನಕಲು ತೆಗೆಯುವ ಈ ಕಾಗದವು 1954ರಲ್ಲಿ ಪೇಟೆಗೆ ಬಂದಿತು. ಲೆಕ್ಕದ ಚೀಟಿಯಲ್ಲಿ ಒತ್ತಿಗೆ ಒಡೆದ ಸಂಪುಟವೇ ಮುಂದೆ ಅನ್ನದಲ್ಲಿ ಪಾಚಕರಸಕ್ಕೆ ಒಡೆಯುವ ಸಂಪುಟವಾಯಿತು.

ಈಗ ಮಾಡುವ ಕ್ರಮಗಳಲ್ಲಿ ಮುಖ್ಯವಾದವು ನಾಲ್ಕು. ಮೊದಲನೆಯದು ತುಂತುರೊಣಗಿಕೆ. ಗೋಂದಿನ ನೀರಿನಲ್ಲಿ ಎಣ್ಣೆಯನ್ನು ಹಾಲಿನಂತಾಗುವವರೆಗೆ ಕಡೆದು, ಬಿಸಿಗಾಳಿ ಸುಳಿಯುವ ಎತ್ತರವಾದ ಪಾತ್ರೆಯೊಳಗೆ ಸಿಂಪಡಿಸುವರು. ಗಾಳಿಯು ಒಳಹೊಗುವಾಗ 150ರಿಂದ 200 ಡಿಗ್ರಿಯಷ್ಟು ಕಾದಿದ್ದರೂ, ಹನಿಯ ನೀರು ಆವಿಯಾಗುವಾಗ ಉಷ್ಣವನ್ನು ತಾನೇ ಹೀರುವದರಿಂದ ಒಳಗಿನ ಸತ್ತ್ವವು ಅಷ್ಟು ಕಾಯದು. ಮಣ್ಣಿನ ಕೊಡದ ನೀರು ಬೇಸಿಗೆಯಲ್ಲಿ ತಣ್ಣಗಿರುವದಕ್ಕೆ ಯಾವ ಕಾರಣವೋ ಇದಕ್ಕೂ ಅದೇ ಕಾರಣವು. ಕ್ಷಣಾರ್ಧದಲ್ಲಿ ಹನಿಯು ಒಣಗಿ ಹುಡಿಯಾಗಿ ಉದುರುವದು. ಎರಡನೆಯದು ಡಚ್ ಪಂಡಿತರು ವಿವರಿಸಿದ ಹನಿಗೂಡುವಿಕೆ. ಪರಸ್ಪರ ಸೆಳೆಯುವ ಎರಡು ಅಂಟುಗಳು ಎಣ್ಣೆಯ ಹನಿಯ ಸುತ್ತ ಪೊರೆಯಾಗುವವು. ಮೂರನೆಯದರಲ್ಲಿ ಕಡಲಕಳೆಯ ಅಂಟಿನ ದ್ರಾವಣವನ್ನು ಸುಣ್ಣದ ಅಂಶವುಳ್ಳ ನೀರಿಗೆ ಹನಿಹನಿಯಾಗಿ ಬಿಡುವರು. ಬೂಂದಿಯ ಹಿಟ್ಟು ಕಾದ ಎಣ್ಣೆಗೆ ಬೀಳುತ್ತಲೇ ಕಾಳಾಗುವಂತೆ ಅದು ಅಲ್ಲಿಯೇ ದುಂಡಗೆ ಗಟ್ಟಿಯಾಗುವದು. ಇದಕ್ಕೆ ಉಷ್ಣವೇ ಬೇಡವಾದದರಿಂದ ಸಜೀವ ಸೂಕ್ಷ್ಮಾಣುಗಳಿಗೆ ಇದು ಒಳ್ಳೆಯದು. ನಾಲ್ಕನೆಯದು ಸಂಕ್ರಾಂತಿಯ ಕುಸುರೆಳ್ಳಿನ ಕ್ರಮವು. ಎಳ್ಳನ್ನು ಸಣ್ಣ ಉರಿಯ ಮೇಲೆ ಆಡಿಸುತ್ತ ಪಾಕವನ್ನು ಚೂರುಚೂರಾಗಿ ಎರೆದು ಪದರದ ಮೇಲೆ ಪದರವನ್ನು ಕಟ್ಟುವಂತೆ, ಕಾಳುಗಳನ್ನು ಕೆಳಗಿನಿಂದ ಬರುವ ಗಾಳಿಯಲ್ಲಿ ತೇಲಾಡಿಸಿ ಲೇಪವನ್ನು ಸಿಂಪಡಿಸುವರು. ಇದನ್ನು 1950ರ ದಶಕದಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇಲ್ ವುರ್ಸ್ಟರ್ ಎಂಬಾತನು ರೂಢಿಗೆ ತಂದನು.

ಇನ್ನು ಮೊದಲು ಹೇಳಿದ ಉಪ್ಪಿನ ತೊಡಕಿಗೆ ಬರುವದು ಯುಕ್ತವು. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳೂ, 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಯೂ ರಕ್ತಹೀನತೆಯುಳ್ಳವರು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಕಬ್ಬಿಣದ ಕೊರತೆಯು ದೊಡ್ಡದು. ಹೊಟ್ಟೆತುಂಬ ಉಂಡರೂ ಕೂಸು ಬಿಳಿಚಿಕೊಂಡಿರುವದು, ಶಾಲೆಯಲ್ಲಿ ಮಂಕಾಗಿ ಕೂಡುವದು, ತಾಯಿಗೆ ನಾಲ್ಕು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬರುವದು. ಕಾಣದ ಹಸಿವೆಂದರೆ ಇದೇ.

ಕಬ್ಬಿಣವನ್ನು ಉಪ್ಪಿಗೆ ಬರಿದೇ ಬೆರಸಿದರೆ ಆಗುವದೇನು? ತೇವವಿದ್ದಾಗ ಕಬ್ಬಿಣವು ಉಪ್ಪಿನೊಳಗಿನ ಅಯೋಡೇಟನ್ನು ಕೆಡಿಸುವದು. ಅಯೋಡಿನ್ ಬಿಡುಗಡೆಯಾಗಿ ಗಾಳಿಗೆ ಹಾರಿಹೋಗುವದು. ಉಪ್ಪು ಹಳದಿಯೋ ಕಂದೋ ಆಗುವದು. ಒಂದು ಸತ್ತ್ವವನ್ನು ತರಲು ಹೋಗಿ ಇದ್ದ ಸತ್ತ್ವವನ್ನೂ ಕಳೆದುಕೊಂಡಂತಾಯಿತು. ಇಷ್ಟೇ ಅಲ್ಲ, ಕಬ್ಬಿಣವು ಒಗರುಳ್ಳ ಪದಾರ್ಥಗಳೊಡನೆ ಕೂಡಿ ಕಪ್ಪಾಗುವದು. ಓಲೆಯ ಕಟ್ಟುಗಳನ್ನೂ ಕೈಬರಹದ ಪ್ರತಿಗಳನ್ನೂ ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಮಸಿ ಮಾಡುವ ಕ್ರಮವು ಹಳೆಯದು. ಆ ಅನ್ನಭೇದಿಯೆಂಬುದು ಕಬ್ಬಿಣದ ಲವಣವೇ. ಕಾಗದದ ಮೇಲೆ ಶೋಭಿಸುವ ಆ ಕಪ್ಪು ಸಾರಿನಲ್ಲಿ ಕಾಣಿಸಿದರೆ ಯಾವ ತಾಯಿಯೂ ಅದನ್ನು ಮಕ್ಕಳ ಎಲೆಗೆ ಬಡಿಸಲಾರಳು.

ಕೆನಡಾ ದೇಶದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಲೆವೆಂಟೆ ಡಿಯೊಸಾಡಿ ಎಂಬ ಆಚಾರ್ಯನೂ, ಭಾರತೀಯರಾದ ವೆಂಕಟೇಶ ಮಣ್ಣಾರ್ ಅವರೂ ಕೂಡಿ ಇದಕ್ಕೆ ಸಂಪುಟದ ಉಪಾಯವನ್ನು ಕೈಕೊಂಡರು. ಫೆರಸ್ ಫ್ಯೂಮರೇಟ್ ಎಂಬ ಕಬ್ಬಿಣದ ಲವಣವನ್ನು ಉಪ್ಪಿನ ಹರಳಿನಷ್ಟೇ ಗಾತ್ರದ ಕಾಳುಗಳನ್ನಾಗಿ ಕಟ್ಟಿ, ಅದರ ಕೆಂಗಂದು ಬಣ್ಣವನ್ನು ಮರೆಮಾಡಲು ಬಿಳಿಯ ಲೇಪವನ್ನು ಕೊಟ್ಟು, ಮೇಲೆ ಗಟ್ಟಿಯಾದ ಸಸ್ಯಜನ್ಯ ಕೊಬ್ಬಿನ ಪೊರೆಯನ್ನು ಹೊದಿಸಿದರು. ಗಾತ್ರವು ಸಮನಾಗಿದ್ದದರಿಂದ ಚೀಲದಲ್ಲಿ ಕಾಳುಗಳು ಬೇರೆಯಾಗಿ ತಳಕ್ಕೆ ಇಳಿಯಲಿಲ್ಲ. ಬಣ್ಣವು ಸಮನಾಗಿದ್ದದರಿಂದ ಕಸವೆಂದು ಯಾರೂ ಆರಿಸಿ ಚೆಲ್ಲಲಿಲ್ಲ. ಒಳಗಿನ ಕಬ್ಬಿಣಕ್ಕೂ ಹೊರಗಿನ ಅಯೋಡಿನಿಗೂ ನಡುವೆ ಗೋಡೆಯೊಂದು ನಿಂತಿತು.

ಫಲವೇನಾಯಿತು? ಉತ್ತರ ಮೊರೊಕ್ಕೊ ದೇಶದ ಶಾಲಾಮಕ್ಕಳಿಗೆ ಕೊಬ್ಬಿನ ಸಂಪುಟದೊಳಗಿನ ಕಬ್ಬಿಣವುಳ್ಳ ಅಯೋಡಿನ್ ಉಪ್ಪನ್ನು ಕೊಟ್ಟು ನೋಡಿದ ಪರೀಕ್ಷೆಯು 2003ರಲ್ಲಿ ಪ್ರಕಟವಾಯಿತು; 40 ವಾರಗಳಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆಯು ನೂರಕ್ಕೆ 35ರಿಂದ 8ಕ್ಕೆ ಇಳಿದಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೂ ಸ್ವಿಟ್ಜರ್ಲೆಂಡಿನ ಪಂಡಿತರೂ ಕೂಡಿ ದಕ್ಷಿಣ ಭಾರತದ ಶಾಲಾಮಕ್ಕಳಲ್ಲಿ ಸಂಪುಟಿತ ಫೆರಸ್ ಫ್ಯೂಮರೇಟನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಮಕ್ಕಳ ಕಬ್ಬಿಣದ ಕೊರತೆಯು ಇಳಿದದ್ದು ಕಂಡುಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಸಂಪುಟವಿಲ್ಲದೆಯೇ, ಕಬ್ಬಿಣವನ್ನು ಹಿಡಿದಿಡುವ ಫಾಸ್ಫೇಟು ಲವಣವೊಂದನ್ನು ಕೂಡಿಸಿ ಬೇರೊಂದು ದಾರಿಯನ್ನು ತೋರಿಸಿದರು. ಗುರಿಯು ಒಂದೇ, ದಾರಿಗಳು ಎರಡು.

ಹೀಗಿದ್ದರೂ ತೊಡಕು ಪೂರ್ತಿ ಹರಿಯಿತೆಂದು ಹೇಳುವದು ಸಲ್ಲದು. ಕೊಬ್ಬಿನ ಕವಚವು ನೀರು ಕುದಿಯುವದಕ್ಕೆ ಬಹಳ ಮುಂಚೆಯೇ ಕರಗುವದು. ಪಾಶ್ಚಾತ್ಯರು ಉಪ್ಪನ್ನು ಊಟದ ಮೇಜಿನ ಮೇಲೆ ಉದುರಿಸಿಕೊಂಡಾರು. ಈ ನಾಡಿನಲ್ಲಿ ಉಪ್ಪು ಸಾರಿನೊಡನೆ ಕುದಿಯುವದು, ಹುಳಿಯೊಡನೆ ಬೇಯುವದು. ಹೊಟ್ಟೆಯಲ್ಲಿ ತೆರೆಯಬೇಕಾದ ಬಾಗಿಲು ಪಾತ್ರೆಯಲ್ಲಿಯೇ ತೆರೆದರೆ ಅಡಿಗೆಯು ಕಪ್ಪಾಗುವದು. ಇಂತಹ ಉಪ್ಪನ್ನು ಬಳಸಿದ ಕೆಲವೆಡೆ ಈ ದೂರು ಬಂದಿರುವದು. ಹಾಗಾದರೆ ಕವಚವನ್ನು ಇನ್ನೂ ದಪ್ಪಮಾಡಬಾರದೇಕೆ? ಮಾಡಿದರೆ ಅಡಿಗೆಯ ಬಣ್ಣವು ಉಳಿಯಬಹುದು, ಆದರೆ ಕಬ್ಬಿಣವು ಕರುಳಿನ ಮೊದಲ ಬಾಗಿಲನ್ನು ಸಂಪುಟದೊಳಗಿದ್ದಂತೆಯೇ ದಾಟಿ, ಹಕ್ಕಿ ನುಂಗಿದ ಆಲದ ಬೀಜದಂತೆ ಹೊರಗೆ ಹೋದೀತು. ಚೀಲದ ಮೇಲೆ ಕಬ್ಬಿಣವೆಂದು ಬರೆದಿರುವದು, ಪರೀಕ್ಷೆಯಲ್ಲಿ ಕಬ್ಬಿಣವು ಕಾಣುವದು, ಮಗುವಿನ ರಕ್ತದಲ್ಲಿ ಮಾತ್ರ ಇರಲಾರದು. ತೆಳುವಾದ ಕವಚಕ್ಕೂ ದಪ್ಪವಾದ ಕವಚಕ್ಕೂ ನಡುವೆ ಇರುವ ಕೂದಲೆಳೆಯ ದಾರಿಯನ್ನು ಹುಡುಕುವದರಲ್ಲಿಯೇ ಪಂಡಿತರ ಶ್ರಮವೆಲ್ಲ ವ್ಯಯವಾಗುತ್ತಿರುವದು.

ಇನ್ನೊಂದು ವಿಚಾರವು ಸದ್ಭಕ್ತರು ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು. ಹಣ್ಣಿನ ಸಿಪ್ಪೆಯನ್ನು ಸುಲಿದು ಎಸೆಯಬಹುದು. ಸೂಕ್ಷ್ಮ ಸಂಪುಟದ ಕವಚವನ್ನು ಎಸೆಯಲಿಕ್ಕಾಗದು. ಅದು ಸತ್ತ್ವದೊಡನೆ ಉದರವನ್ನು ಸೇರುವದು. ಆದುದರಿಂದ ಕವಚವೂ ಅನ್ನವೇ, ಅನ್ನದಷ್ಟೇ ಶುದ್ಧವಾಗಿರಬೇಕಾದದ್ದು. ಅರೆಘನವಾಗಿ ಮಾಡಿದ ಎಣ್ಣೆಗಳು ಹಿಂದೆ ಕವಚಗಳಿಗೆ ಬಳಕೆಯಲ್ಲಿದ್ದವು. ಅವುಗಳಲ್ಲಿಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡಕೆಂದು ತಿಳಿದ ಮೇಲೆ ಭಾರತದಲ್ಲಿ 2022ರಿಂದ ಎಣ್ಣೆ ಕೊಬ್ಬುಗಳಲ್ಲಿ ಅದಕ್ಕೆ ನೂರಕ್ಕೆ 2ರ ಮಿತಿಯನ್ನು ವಿಧಿಸಲಾಯಿತು. ಬಿಳುಪಿಗಾಗಿ ಬಳಸಿದ ಟೈಟೇನಿಯಮ್ ಡೈಆಕ್ಸೈಡನ್ನು ಯುರೋಪಿನ ಒಕ್ಕೂಟವು 2022ರಲ್ಲಿ ಆಹಾರದಿಂದ ನಿಷೇಧಿಸಿತು. ಸಸ್ಯಾಹಾರಿಗಳು ತಿಳಿಯಬೇಕಾದ ಮಾತೂ ಒಂದುಂಟು. ಸಂಪುಟಗಳಿಗೆ ಬಹುಕಾಲದಿಂದ ಬಳಸುತ್ತ ಬಂದ ಜೆಲಟಿನ್ ಎಂಬ ಅಂಟು ಪ್ರಾಣಿಗಳ ತೊಗಲು ಎಲುಬುಗಳಿಂದ ಆದದ್ದು; ಅರಗಿನ ಲೇಪವು ಕೀಟದಿಂದ ಬಂದದ್ದು. ಇವುಗಳಿಗೆ ಬದಲಾಗಿ ಜಾಲಿಯ ಜಾತಿಯ ಮರದ ಗೋಂದು, ಹಣ್ಣಿನ ಸಿಪ್ಪೆಯ ಪೆಕ್ಟಿನ್, ಕಡಲಕಳೆಯ ಅಂಟು, ಮೆಕ್ಕೆಜೋಳದ ಸಸಾರಜನಕ, ಹಾಲಿನ ತಿಳಿಯ ಸಸಾರಜನಕ ಮುಂತಾದವು ಬಳಕೆಗೆ ಬಂದಿರುವವು. ಬಾಣಂತಿಯರಿಗೆ ಅಂಟಿನುಂಡೆಯನ್ನು ಕಟ್ಟಿಕೊಡುವ ನಾಡಿಗೆ ಗೋಂದು ಹೊಸದಲ್ಲ. ಕೊಳ್ಳುವಾಗ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನೂ ದ್ರವ್ಯಗಳ ಪಟ್ಟಿಯನ್ನೂ ನೋಡುವದು ಒಳಿತು.

ಕರ್ನಾಟಕದಲ್ಲಿಯೂ ಈ ವಿದ್ಯೆಯು ನೆಲೆಗೊಂಡಿರುವದು ಸಂತೋಷದ ಸಂಗತಿಯು. ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಪಂಡಿತರು, ಮುರುಗಲು ಉಪ್ಪಾಗೆಗಳ ಕುಲಕ್ಕೆ ಸೇರಿದ ಹಣ್ಣಿನ ಹುಳಿಸಾರವನ್ನು ಹಾಲಿನ ತಿಳಿಯ ಸಸಾರಜನಕದಲ್ಲಿ ಸಂಪುಟಿಸಿ ರೊಟ್ಟಿಯಲ್ಲಿ ಬೆರಸಿ ಪರೀಕ್ಷಿಸಿರುವರು. ತೇವವನ್ನೆಳೆದು ಅಂಟಾಗುವ ಆ ಸಾರವು ಕವಚದಲ್ಲಿ ಹುಡಿಯಾಗಿ ನಿಂತಿತು.

ಆದರೆ ಸಂಪುಟವು ಬಂದಿತೆಂದು ಸಹಜವಾದ ಅನ್ನವನ್ನು ಮರೆಯತಕ್ಕದ್ದಲ್ಲ. ಊಟದೊಡನೆ ನಿಂಬೆಯ ರಸವೋ ನೆಲ್ಲಿಯ ಕಾಯಿಯೋ ಇದ್ದರೆ ಸೊಪ್ಪು ಕಾಳುಗಳ ಕಬ್ಬಿಣವು ಹೆಚ್ಚು ಮೈಗೆ ಹತ್ತುವದು. ಉಂಡ ಕೂಡಲೆ ಚಹ ಕುಡಿದರೆ ಕಡಮೆ ಹತ್ತುವದು. ಕಾಳನ್ನು ಮೊಳಕೆ ಬರಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಅಂಶವು ಇಳಿಯುವದು. ಎರಡು ಸತ್ತ್ವಗಳುಳ್ಳ ಉಪ್ಪಿನ ಒಂದು ಗ್ರಾಮಿನಲ್ಲಿ ಸುಮಾರು 1 ಮಿಲಿಗ್ರಾಮು ಕಬ್ಬಿಣವಿರುವದು. ಆ ಆಸೆಗೆ ಉಪ್ಪನ್ನು ಹೆಚ್ಚು ತಿನ್ನುವದು ಅವಿವೇಕವು. ದಿನಕ್ಕೆ 5 ಗ್ರಾಮಿನೊಳಗೇ ಉಪ್ಪು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯುಂಟು. ಥಲಸೀಮಿಯ ಮೊದಲಾದ ರಕ್ತರೋಗವುಳ್ಳವರು ವೈದ್ಯರನ್ನು ಕೇಳದೆ ಕಬ್ಬಿಣವನ್ನು ಸೇರಿಸಿದ ಪದಾರ್ಥಗಳನ್ನು ತೆಗೆದುಕೊಳ್ಳಬಾರದು.

ಸಾರಾಂಶವೇನಂದರೆ, ಸಂಪುಟದ ಹಿರಿಮೆಯು ಅದರ ಗಟ್ಟಿತನದಲ್ಲಿಲ್ಲ. ತಕ್ಕ ಸ್ಥಾನವನ್ನು ಮುಟ್ಟಿದಾಗ ತಾನು ಅಳಿದು ತನ್ನೊಳಗಿನದನ್ನು ಒಪ್ಪಿಸುವದರಲ್ಲಿದೆ. ಅದರ ಪರೀಕ್ಷೆಯು ಪ್ರಯೋಗಶಾಲೆಯ ಗಾಜಿನ ಬಟ್ಟಲಲ್ಲಿ ಆರಂಭವಾಗಬಹುದು. ಮುಗಿಯುವದು ಮಾತ್ರ ಪಂಕ್ತಿಯ ಕೊನೆಯಲ್ಲಿ ಕುಳಿತ ಬಡವರ ಕೂಸಿನ ರಕ್ತದಲ್ಲಿ. ಆ ಕೂಸಿನ ಕೆನ್ನೆಗೆ ಕೆಂಪು ಬಂದ ದಿನವೇ ಈ ವಿದ್ಯೆಯು ಸಾರ್ಥಕವಾದ ದಿನವು.

ಸರ್ವರಿಗೂ ಮಂಗಳವಾಗಲಿ.